ಕೂದಲು ಕಸಿ ಮತ್ತು ಆತ್ಮವಿಶ್ವಾಸ: ನಂಬಿಕೆಗಳು ಹಾಗೂ ವಾಸ್ತವ

ಗಂಡಸರ ಬೋಳುತಲೆಗೆ ಬಹುಮಟ್ಟಿಗೆ ಕಾರಣವಾಗುವುದು ಆಂಡ್ರೋಜೆನಿಕ್ ಅಲೋಪೀಷಿಯಾ ಎಂಬ ಸ್ಥಿತಿ. ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನಿನಿಂದ ದೇಹದಲ್ಲಿ ತಯಾರಾಗುವ ಡೈಹೈಡ್ರೋಟೆಸ್ಟೋಸ್ಟೆರಾನಿಗೆ ಆನುವಂಶಿಕವಾಗಿಯೇ ಸೂಕ್ಷ್ಮವಾಗಿರುವ ಕೇಶಕೂಪಗಳು, ಅಂದರೆ ಚರ್ಮದೊಳಗೆ ಕೂದಲಿನ ಬುಡವನ್ನು ಹಿಡಿದಿರುವ ಪುಟ್ಟ ಚೀಲಗಳು, ಹಣೆಯಂಚಿನಲ್ಲಿಯೂ ನೆತ್ತಿಯಲ್ಲಿಯೂ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಹೋಗಿ, ಕೊನೆಗೆ ಕಣ್ಣಿಗೆ ಕಾಣದಷ್ಟು ತೆಳುವಾದ ನವಿರನ್ನಷ್ಟೇ ಬೆಳೆಸುವ ಹಂತಕ್ಕೆ ಬರುತ್ತವೆ. ಇದರಿಂದ ಪ್ರಾಣಕ್ಕೆ ಅಪಾಯವಿಲ್ಲವಾದರೂ, ಹೆಣ್ಣು ನೋಡುವ ಶಾಸ್ತ್ರದಿಂದ ಹಿಡಿದು ಉದ್ಯೋಗದ ಸಂದರ್ಶನದವರೆಗೆ ತಲೆಗೂದಲನ್ನು ತಾರುಣ್ಯದ ಗುರುತಾಗಿ ಎಣಿಸುವ ಸಮಾಜದಲ್ಲಿ ಇದು ತರುವ ಸಂಕೋಚ ಸಣ್ಣದಲ್ಲ. ಮಂಗಳೂರಿನ ಬೋಳುತಲೆಯ ಕನ್ನಡ ಉಪನ್ಯಾಸಕನೊಬ್ಬನ ಮದುವೆಯ ಪಾಡನ್ನೇ ಕಥಾವಸ್ತುವಾಗಿಸಿಕೊಂಡ ರಾಜ್ ಬಿ. ಶೆಟ್ಟಿ ನಿರ್ದೇಶನದ ‘ಒಂದು ಮೊಟ್ಟೆಯ ಕಥೆ’ 2017ರಲ್ಲಿ ಕನ್ನಡದ ಪ್ರೇಕ್ಷಕರನ್ನು ತಟ್ಟಿದ್ದೂ, ಮುಂದೆ ಹಿಂದಿಯಲ್ಲಿ ಮರುನಿರ್ಮಾಣಗೊಂಡದ್ದೂ ಈ ಸಂಕೋಚ ಎಷ್ಟು ವ್ಯಾಪಕವಾದುದು ಎಂಬುದನ್ನು ತೋರಿಸುತ್ತವೆ. ಇದಕ್ಕೆ ಪರಿಹಾರವೆಂದು ಕೂದಲು ಕಸಿಯತ್ತ ನೋಡುವವರು ಹೆಚ್ಚುತ್ತಿರುವಾಗ, ಆ ಚಿಕಿತ್ಸೆ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನು ಮೊದಲೇ ತಿಳಿದಿರುವುದು ಅವಶ್ಯಕ. ಚಿಕಿತ್ಸೆಯ ಬಳಿಕ ದೊರೆಯುವ ನೆಮ್ಮದಿ ನೆಟ್ಟ ಕೂದಲಿನ ಸಂಖ್ಯೆಯಷ್ಟೇ ಈ ತಿಳಿವಳಿಕೆಯನ್ನೂ ಅವಲಂಬಿಸಿದೆ.

ತಪ್ಪು ಕಲ್ಪನೆ: ಕಸಿಯಿಂದ ತಲೆಯಲ್ಲಿ ಹೊಸ ಕೂದಲು ಹುಟ್ಟುತ್ತದೆ

ಸತ್ಯ: ಕಸಿಯಲ್ಲಿ ಹೊಸದಾಗಿ ಏನೂ ಹುಟ್ಟುವುದಿಲ್ಲ, ಇರುವುದನ್ನೇ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲಾಗುತ್ತದೆ. ತಲೆಯ ಹಿಂಭಾಗದ ಮತ್ತು ಪಕ್ಕಗಳ ಕೇಶಕೂಪಗಳು ಡೈಹೈಡ್ರೋಟೆಸ್ಟೋಸ್ಟೆರಾನಿಗೆ ಅಷ್ಟಾಗಿ ಮಣಿಯುವುದಿಲ್ಲ, ಮತ್ತು ಅವುಗಳನ್ನು ನೆತ್ತಿಗೆ ತಂದು ನೆಟ್ಟರೂ ಆ ಗುಣವನ್ನು ಬಿಟ್ಟುಕೊಡುವುದಿಲ್ಲ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆನ್‌ಟ್ರೈಕ್ 1950ರ ದಶಕದಲ್ಲಿ ನಡೆಸಿ 1959ರಲ್ಲಿ ಪ್ರಕಟಿಸಿದ ಪ್ರಯೋಗಗಳು ಸ್ಥಾಪಿಸಿದ ಈ ತತ್ತ್ವದ ಮೇಲೆಯೇ ಇಂದಿನ ಕಸಿಯೆಲ್ಲವೂ ನಿಂತಿದೆ. ಈಗ ಬಳಕೆಯಲ್ಲಿರುವ ಎರಡು ವಿಧಾನಗಳಲ್ಲಿ, ಎಫ್‌ಯುಟಿ ಎಂಬುದು ಹಿಂದಲೆಯಿಂದ ಚರ್ಮದ ಸಪೂರ ಪಟ್ಟಿಯೊಂದನ್ನು ಕತ್ತರಿಸಿ ತೆಗೆದು ಸೂಕ್ಷ್ಮದರ್ಶಕದಡಿ ಬಿಡಿಸುವ ಕ್ರಮವಾದರೆ, ಎಫ್‌ಯುಇ ಎಂಬುದು ಸುಮಾರು ಒಂದು ಮಿಲಿಮೀಟರ್ ಅಗಲದ ಟೊಳ್ಳು ಉಪಕರಣದಿಂದ ಒಂದೊಂದೇ ಕೇಶಗುಚ್ಛವನ್ನು ಕೀಳುವ ಕ್ರಮ. ಒಂದು ಗುಚ್ಛದಲ್ಲಿ ಸಾಮಾನ್ಯವಾಗಿ ಒಂದರಿಂದ ನಾಲ್ಕು ಕೂದಲುಗಳಿರುತ್ತವೆ.

ಸಸಿಮಡಿಯಿಂದ ಕಿತ್ತ ಪೈರನ್ನು ಗದ್ದೆಯಲ್ಲಿ ನಾಟಿ ಮಾಡಿದಂತೆ ಇಲ್ಲಿಯೂ ಮಡಿಯಲ್ಲಿ ಇದ್ದಷ್ಟನ್ನೇ ನೆಡಬಹುದು. ಬುಡಸಹಿತ ಕಿತ್ತ ಜಾಗದಲ್ಲಿ ಆ ಕೂದಲು ಮತ್ತೆ ಬರುವುದಿಲ್ಲ. ಪೂರ್ಣ ಬೋಳಾದ ತಲೆಗೆ ಇಪ್ಪತ್ತರ ಹರೆಯದ ದಟ್ಟಣೆಯನ್ನು ಮರಳಿ ತರಲು ಸಾಧ್ಯವಾಗದಿರುವುದು ಈ ಕಾರಣದಿಂದಲೇ. ನುರಿತ ವೈದ್ಯರು ಸಾಧಿಸುವುದು ದಟ್ಟಣೆಯನ್ನಲ್ಲ, ಮುಂಗೂದಲ ಗೆರೆಯನ್ನು ವಯಸ್ಸಿಗೆ ಒಪ್ಪುವಂತೆ ರೂಪಿಸಿ, ಕೂದಲಿನ ದಿಕ್ಕು ಮತ್ತು ಕೋನವನ್ನು ಹೊಂದಿಸಿ, ಇರುವ ಸಂಪತ್ತನ್ನು ತುಂಬಿದಂತೆ ಕಾಣಿಸುವ ಕೌಶಲವನ್ನು.

ತಪ್ಪು ಕಲ್ಪನೆ: ಒಮ್ಮೆ ಮಾಡಿಸಿಕೊಂಡರೆ ಕೂದಲುದುರುವ ಚಿಂತೆಯೇ ಇಲ್ಲ, ಆದ್ದರಿಂದ ಎಷ್ಟು ಬೇಗ ಮಾಡಿಸಿದರೆ ಅಷ್ಟು ಒಳ್ಳೆಯದು

ಸತ್ಯ: ನೆಟ್ಟ ಕೂದಲು ಬಹುಕಾಲ ಉಳಿಯುವುದು ನಿಜವಾದರೂ, ಅದರ ಅಕ್ಕಪಕ್ಕದಲ್ಲಿ ಮೊದಲಿನಿಂದ ಇದ್ದ ಕೂದಲು ತನ್ನ ಆನುವಂಶಿಕ ಸ್ವಭಾವದಂತೆ ಉದುರುತ್ತಲೇ ಹೋಗುತ್ತದೆ. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಿನಲ್ಲಿ ಅವಸರಪಟ್ಟು ಹಣೆಯ ಕೆಳಮಟ್ಟಕ್ಕೆ ಗೆರೆಯನ್ನಿಳಿಸಿ ನೆಡಿಸಿಕೊಂಡವರಲ್ಲಿ, ಹಿಂದಿನ ಕೂದಲು ಹಿಂದೆ ಸರಿಯುತ್ತ ಹೋದ ಬಳಿಕ ಮುಂದೊಂದು ಪಟ್ಟಿ ಮಾತ್ರ ಉಳಿದು, ಅಸಹಜವಾಗಿ ಕಾಣುವ ಅಪಾಯವಿದೆ. ಬೋಳುತನ ಯಾವ ರೀತಿಯಲ್ಲಿ ಹರಡಲಿದೆ ಎಂಬುದು ಸ್ವಲ್ಪಮಟ್ಟಿಗಾದರೂ ಸ್ಪಷ್ಟವಾಗುವವರೆಗೆ ಕಾಯಬೇಕೆಂದು ಅನುಭವಿ ವೈದ್ಯರು ಹೇಳುವುದು ಇದಕ್ಕಾಗಿ. ಇರುವ ಕೂದಲನ್ನು ಕಾಪಾಡಿಕೊಳ್ಳಲು ಮಿನಾಕ್ಸಿಡಿಲ್ ಲೇಪನ, ಫಿನಾಸ್ಟರೈಡ್ ಮಾತ್ರೆಯಂತಹ ಔಷಧಗಳನ್ನು ಅನೇಕರು ಕಸಿಯ ನಂತರವೂ ಮುಂದುವರಿಸಬೇಕಾಗುತ್ತದೆ. ಇವುಗಳಲ್ಲಿ ಫಿನಾಸ್ಟರೈಡ್ ಕೆಲವರಲ್ಲಿ ಲೈಂಗಿಕ ಆಸಕ್ತಿಯನ್ನು ಕುಗ್ಗಿಸಬಲ್ಲದು ಮತ್ತು ಅದನ್ನು ಸೇವಿಸಿದ ಕೆಲವರಲ್ಲಿ ಖಿನ್ನತೆಯೂ ವರದಿಯಾಗಿದೆ. ಆದ್ದರಿಂದ ಅದನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳುವುದು ಸಲ್ಲದು.

ತಪ್ಪು ಕಲ್ಪನೆ: ಒಂದು ವಾರದ ರಜೆ ಸಾಕು, ಹೊಸ ರೂಪದೊಡನೆ ಕೆಲಸಕ್ಕೆ ಮರಳಬಹುದು

ಸತ್ಯ: ಕೆಲಸಕ್ಕೆ ಮರಳುವುದು ಸಾಧ್ಯ, ಹೊಸ ರೂಪದೊಡನೆ ಮರಳುವುದು ಸಾಧ್ಯವಿಲ್ಲ. ನಾಟಿಯ ಬಳಿಕ ಕೆಲವು ದಿನ ಹಣೆ ಮತ್ತು ಕಣ್ಣಿನ ಸುತ್ತ ಊತ ಕಾಣಿಸಬಹುದು. ನೆಟ್ಟ ಜಾಗದ ಹಕ್ಕಳೆಗಳು ಕಳಚಲು ಹತ್ತು ದಿನಗಳವರೆಗೆ ಹಿಡಿಯುತ್ತದೆ. ಆ ಅವಧಿಯಲ್ಲಿ ತಲೆ ಎತ್ತರಿಸಿ ಮಲಗುವುದು, ಕೆರೆಯದಿರುವುದು, ವೈದ್ಯರು ಅನುಮತಿಸುವವರೆಗೆ ಹೆಲ್ಮೆಟ್ಟನ್ನು, ಹಾಗಾಗಿ ದ್ವಿಚಕ್ರ ವಾಹನವನ್ನೇ, ಬಿಟ್ಟಿರುವುದು ಅನಿವಾರ್ಯ. ಮುಂದಿನ ಹಂತ ಮನಸ್ಸಿಗೆ ಇನ್ನೂ ಕಠಿಣವಾದುದು: ಎರಡರಿಂದ ಆರು ವಾರಗಳೊಳಗೆ ನೆಟ್ಟ ಕೂದಲಿನ ಎಳೆಗಳು ಬಹುಪಾಲು ಉದುರಿಹೋಗುತ್ತವೆ, ಸುತ್ತಲಿನ ಹಳೆಯ ಕೂದಲೂ ತಾತ್ಕಾಲಿಕವಾಗಿ ಉದುರಬಹುದು. ಬುಡ ಚರ್ಮದೊಳಗೆ ಸುರಕ್ಷಿತವಾಗಿದ್ದು ವಿಶ್ರಾಂತಿಯ ಹಂತಕ್ಕೆ ಹೋಗಿರುತ್ತದೆಂಬುದನ್ನು ಮೊದಲೇ ತಿಳಿಯದವರು, ಹಣವೂ ಶ್ರಮವೂ ವ್ಯರ್ಥವಾಯಿತೆಂದು ಕುಸಿದುಹೋಗುವುದುಂಟು. ಹೊಸ ಬೆಳವಣಿಗೆ ಮೂರು ನಾಲ್ಕು ತಿಂಗಳಿಗೆ ಆರಂಭವಾಗಿ, ಪೂರ್ಣ ಫಲಿತಾಂಶ ಸಾಮಾನ್ಯವಾಗಿ ಒಂದು ವರ್ಷಕ್ಕೆ, ನೆತ್ತಿಯ ಸುಳಿಯ ಭಾಗದಲ್ಲಿ ಇನ್ನೂ ತಡವಾಗಿ ಕಾಣುತ್ತದೆ. ಮದುವೆಗೆ ಎರಡು ತಿಂಗಳಿರುವಾಗ ಕಸಿ ಮಾಡಿಸಿಕೊಂಡವರು ಮಂಟಪದಲ್ಲಿ ಕುಳಿತುಕೊಳ್ಳುವುದು ಮೊದಲಿಗಿಂತ ವಿರಳವಾದ ಕೂದಲಿನೊಡನೆಯೇ ಆಗಬಹುದು.

ತಪ್ಪು ಕಲ್ಪನೆ: ಕಸಿ ಮಾಡಿಸಿಕೊಂಡ ತಲೆಯನ್ನು ಜೀವಮಾನವಿಡೀ ಜೋಪಾನ ಮಾಡಬೇಕು

ಸತ್ಯ: ಗಾಯ ಪೂರ್ತಿ ಮಾಗಿದ ಮೇಲೆ ನೆಟ್ಟ ಕೂದಲು ಉಳಿದ ಕೂದಲಿನಂತೆಯೇ ಬೆಳೆಯುತ್ತದೆ, ಎಣ್ಣೆ ಹಚ್ಚುವುದಕ್ಕೂ, ಈಜುವುದಕ್ಕೂ, ಕತ್ತರಿಸಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಧರ್ಮಸ್ಥಳಕ್ಕೋ ತಿರುಪತಿಗೋ ಮುಡಿ ಹರಕೆ ಹೊತ್ತವರು ಅದನ್ನು ಒಪ್ಪಿಸುವುದಕ್ಕೂ ತೊಡಕಿಲ್ಲ, ಏಕೆಂದರೆ ಬೋಳಿಸುವುದರಿಂದ ಚರ್ಮದ ಮೇಲಿನ ಎಳೆ ಹೋಗುತ್ತದೆಯೇ ಹೊರತು ಬುಡಕ್ಕೆ ಏನೂ ಆಗುವುದಿಲ್ಲ. ಹಿಂದಲೆಯಲ್ಲಿ ಎಫ್‌ಯುಟಿ ಬಿಟ್ಟ ಗೆರೆಯೋ ಎಫ್‌ಯುಇ ಬಿಟ್ಟ ಚುಕ್ಕೆಗಳೋ ಆಗ ಕಾಣಬಹುದೆಂಬುದು ಮಾತ್ರ ತಿಳಿದಿರಬೇಕಾದ ವಿಷಯ.

ತಪ್ಪು ಕಲ್ಪನೆ: ಇದು ಬ್ಯೂಟಿ ಪಾರ್ಲರಿನಲ್ಲಿಯೂ ಆಗುವ ಸಣ್ಣ ಕೆಲಸ

ಸತ್ಯ: ಇದು ಸ್ಥಳೀಯ ಅರಿವಳಿಕೆಯನ್ನು ಕೊಟ್ಟು ಹಲವು ಗಂಟೆಗಳ ಕಾಲ ನಡೆಸುವ ಶಸ್ತ್ರಚಿಕಿತ್ಸೆ. ಸೋಂಕು, ರಕ್ತಸ್ರಾವ, ಅರಿವಳಿಕೆ ಔಷಧದ ಪ್ರಮಾಣ ಮೀರಿದರೆ ಆಗುವ ಅಪಾಯ, ಅಪರೂಪಕ್ಕೆ ಪ್ರಾಣಕ್ಕೇ ಎರವಾಗುವ ಅಲರ್ಜಿ, ಇವೆಲ್ಲವೂ ಇಲ್ಲಿ ಸಂಭವನೀಯ. ಕಸಿಯ ನಂತರ ಸಾವು ಸಂಭವಿಸಿದ ಪ್ರಕರಣಗಳು ಭಾರತದಲ್ಲಿಯೂ ವರದಿಯಾಗಿವೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಕಾರ್ಯಾಗಾರಗಳಲ್ಲಿಯೋ ಯೂಟ್ಯೂಬಿನಲ್ಲಿಯೋ ನೋಡಿ ಕಲಿತದ್ದು ಈ ಶಸ್ತ್ರಚಿಕಿತ್ಸೆಗೆ ಸಾಕಾಗುವ ತರಬೇತಿಯಲ್ಲವೆಂದು ಸ್ಪಷ್ಟಪಡಿಸಿದೆ. ಕಡಿಮೆ ದರದ ಜಾಹೀರಾತಿಗೆ ಮಾರುಹೋಗುವ ಮೊದಲು, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ಅರ್ಹತೆಯನ್ನೂ, ತುರ್ತುಸ್ಥಿತಿಯನ್ನು ನಿಭಾಯಿಸುವ ವ್ಯವಸ್ಥೆಯನ್ನೂ ವಿಚಾರಿಸುವುದು ಪ್ರತಿಯೊಬ್ಬರ ಹಕ್ಕು.

ತಪ್ಪು ಕಲ್ಪನೆ: ಕಸಿಯನ್ನು ಬಯಸುವುದು ಬರಿಯ ಶೋಕಿ

ಸತ್ಯ: ಟೋಪಿಯಿಲ್ಲದೆ ಹೊರಗೆ ಹೋಗದಿರುವುದು, ಛಾಯಾಚಿತ್ರಗಳಿಂದ ತಪ್ಪಿಸಿಕೊಳ್ಳುವುದು, ಮಳೆಗೂ ಗಾಳಿಗೂ ಅಂಜಿ ಕೂದಲನ್ನು ಅಡ್ಡಕ್ಕೆ ಹರಡಿಕೊಳ್ಳುವುದು, ನೆರೆದವರ ನಗೆಮಾತಿಗೆ ತಾನೂ ನಕ್ಕು ಒಳಗೇ ನೋಯುವುದು, ಇವು ದಿನದಿನವೂ ಮನಸ್ಸಿನ ಶಕ್ತಿಯನ್ನು ತಿನ್ನುವ ಸಂಗತಿಗಳು. ಸೂಕ್ತ ಅಭ್ಯರ್ಥಿಗಳಲ್ಲಿ ಯಶಸ್ವಿಯಾದ ಕಸಿ ಇಂಥ ಎಚ್ಚರಿಕೆಗಳ ಹೊರೆಯನ್ನು ಇಳಿಸುತ್ತದೆ, ಮತ್ತು ಹಾಗೆ ಉಳಿದ ಗಮನ ಕೆಲಸಕ್ಕೂ ಸಂಬಂಧಗಳಿಗೂ ಒದಗುತ್ತದೆ. ಅದನ್ನು ಬಯಸುವವರನ್ನು ಹಂಗಿಸುವುದು ಬೋಳುತಲೆಯನ್ನು ಹಂಗಿಸಿದಷ್ಟೇ ಕ್ರೂರವಾದುದು.

ತಪ್ಪು ಕಲ್ಪನೆ: ಕೂದಲು ಬಂದರೆ ಆತ್ಮವಿಶ್ವಾಸ ತಾನಾಗಿ ಬರುತ್ತದೆ

ಸತ್ಯ: ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 122 ಮಂದಿ, ಕಸಿಗೆ ಮುಂಚಿನ ಮತ್ತು ನಂತರದ ಚಿತ್ರಗಳನ್ನು ನೋಡಿ, ಕಸಿಯಾದ ಗಂಡಸರನ್ನು ಹೆಚ್ಚು ಎಳೆಯರೆಂದೂ ಆಕರ್ಷಕರೆಂದೂ ಯಶಸ್ವಿಗಳೆಂದೂ ಗುರುತಿಸಿದರು. ಅದೇ ದೇಶದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಮ್ಯಾನ್ಸ್ ಅವರ 2012ರ ಅಧ್ಯಯನದಲ್ಲಾದರೋ, ತಲೆಯನ್ನು ಪೂರ್ತಿ ಬೋಳಿಸಿಕೊಂಡ ಗಂಡಸರು ನೋಡುವವರಿಗೆ ಹೆಚ್ಚು ಅಧಿಕಾರವುಳ್ಳವರಾಗಿಯೂ ಬಲಿಷ್ಠರಾಗಿಯೂ ತೋರಿದರು. ಈ ಎರಡನ್ನೂ ಜೊತೆಗಿಟ್ಟು ನೋಡಿದರೆ, ನೋಡುವವರ ಮೆಚ್ಚುಗೆಗೆ ಒಂದಕ್ಕಿಂತ ಹೆಚ್ಚು ದಾರಿಗಳಿವೆಯೆಂಬುದು ತಿಳಿಯುತ್ತದೆ. ಜೊತೆಗೆ, ಇವೆರಡೂ ಅಳೆದದ್ದು ಇತರರ ಕಣ್ಣಿಗೆ ಕಂಡದ್ದನ್ನೇ ಹೊರತು ಆ ಗಂಡಸರು ತಮ್ಮ ಬಗ್ಗೆ ತಾವು ಭಾವಿಸಿದ್ದನ್ನಲ್ಲ ಎಂಬುದೂ ಸ್ಪಷ್ಟವಾಗುತ್ತದೆ.

ಸಂಕೋಚದ ಮೂಲ ಕೂದಲೇ ಆಗಿದ್ದರೆ ಕಸಿಯಿಂದ ಅದು ಕರಗುತ್ತದೆ. ಆದರೆ ನೌಕರಿಯ ಅಭದ್ರತೆ, ಮುರಿದ ಸಂಬಂಧ, ಬಾಲ್ಯದಿಂದ ಬೆಳೆದ ಕೀಳರಿಮೆ ಇವು ಕೂದಲಿನ ರೂಪದಲ್ಲಿ ಕಾಣಿಸಿಕೊಂಡಿದ್ದರೆ, ಕೂದಲು ಬಂದ ಮೇಲೂ ಅವು ಉಳಿಯುತ್ತವೆ. ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎಂಬ ಮಾನಸಿಕ ತೊಂದರೆಯಿರುವವರು, ಅಂದರೆ ಇತರರಿಗೆ ಕಾಣಿಸದ ಅಥವಾ ಅತ್ಯಲ್ಪವಾದ ದೈಹಿಕ ಕುಂದನ್ನು ಕುರಿತೇ ದಿನವಿಡೀ ಚಿಂತಿಸುವವರು, ಎಷ್ಟು ಚೆನ್ನಾಗಿ ಕಸಿಯಾದರೂ ಸಾಮಾನ್ಯವಾಗಿ ತೃಪ್ತರಾಗುವುದಿಲ್ಲ. ಅವರಿಗೆ ಬೇಕಾದದ್ದು ಮನೋವೈದ್ಯರ ನೆರವು, ಮತ್ತು ಈ ತೊಂದರೆಯನ್ನು ಗುರುತಿಸಿ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸುವ ವೈದ್ಯರು ಅವರಿಗೆ ಉಪಕಾರವನ್ನೇ ಮಾಡುತ್ತಾರೆ.

ಆದ್ದರಿಂದ ಕಸಿಗೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ, ಎಷ್ಟು ಸಾವಿರ ಕೂದಲು ಬೇಕು ಎಂಬುದಕ್ಕಿಂತ ಮೊದಲು, ಕೂದಲಿಲ್ಲದೆ ನಿಂತುಹೋದ ಕೆಲಸ ಯಾವುದು ಎಂಬುದು. ಉತ್ತರ ಸ್ಪಷ್ಟವಾಗಿದ್ದು, ಬೋಳುತನದ ಸ್ವರೂಪವೂ ನಿಶ್ಚಿತವಾಗಿದ್ದು, ತಲೆಯ ಹಿಂಭಾಗದಲ್ಲೂ ಪಕ್ಕಗಳಲ್ಲೂ ಸಾಕಷ್ಟು ಕೂದಲಿದ್ದರೆ ಕಸಿಯೊಂದು ನ್ಯಾಯವಾದ ಆಯ್ಕೆ. ಬೋಳುತಲೆಯನ್ನೇ ಒಪ್ಪಿಕೊಂಡು ನಡೆಯುವುದು ಅಷ್ಟೇ ನ್ಯಾಯವಾದ ಇನ್ನೊಂದು ಆಯ್ಕೆ. ಇವೆರಡರ ನಡುವೆ ಯಾರೂ ಹೆದರಿಕೆಯಿಂದ ಆರಿಸಿಕೊಳ್ಳದಂತೆ ನೋಡಿಕೊಳ್ಳುವ ಹೊಣೆ ವೈದ್ಯರದಷ್ಟೇ ಅಲ್ಲ. ವರನನ್ನು ತಲೆಗೂದಲಿನಿಂದ ಅಳೆಯುವ ಮನೆಗಳದೂ, ಸಹೋದ್ಯೋಗಿಯನ್ನು ಅಡ್ಡಹೆಸರಿನಿಂದ ಕರೆಯುವ ಕಚೇರಿಗಳದೂ ಹೌದು.