ಯಾರ ಬೆನ್ನಿಗೆ ಈ ಕೈ?

ಸೊಂಟ ಹಿಡಿದವನಿಗೆ ಉಪಾಯ ಹೇಳದ ನೆರೆಯವರಿಲ್ಲ. ಬೆನ್ನೆಲುಬಿನ ಕೀಲನ್ನು ಕೈಯಿಂದ ತಟ್ಟನೆ ಒತ್ತಿ ಸಡಿಲಿಸುವ ಚಿಕಿತ್ಸೆ ಅಂಥ ಉಪಾಯಗಳಲ್ಲೊಂದು. ಅದರಿಂದ ಒಬ್ಬನು ಎದ್ದು ನಡೆಯುತ್ತಾನೆ. ಇನ್ನೊಬ್ಬನು ಹೋದ ಹಾಗೆಯೇ ಹಿಂದಿರುಗುತ್ತಾನೆ. ಗುಣ ಕಾಣುವವರು ಯಾರೆಂದು ಮೊದಲೇ ತಿಳಿಯಬಹುದೆ?

ಅಮೆರಿಕದ ಟಿಮೊತಿ ಫ್ಲಿನ್ ಮತ್ತು ಸಂಗಡಿಗರು 71 ರೋಗಿಗಳನ್ನು ಪರೀಕ್ಷಿಸಿ, 2002ರಲ್ಲಿ ಐದು ಲಕ್ಷಣಗಳ ಸೂತ್ರವೊಂದನ್ನು ಮುಂದಿಟ್ಟರು. ನೋವು ಬಂದು 16 ದಿನ ತುಂಬಿರಬಾರದು. ಅದು ಮೊಣಕಾಲಿನ ಕೆಳಗೆ ಇಳಿದಿರಬಾರದು. ಸೊಂಟದ ಬೆನ್ನೆಲುಬಿನಲ್ಲಿ ಒಂದು ಕೀಲಾದರೂ ಬಿಗಿದಿರಬೇಕು. ಒಂದು ತೊಡೆಯ ಕೀಲಾದರೂ ಒಳಮುಖವಾಗಿ 35 ಡಿಗ್ರಿಗಿಂತ ಹೆಚ್ಚು ತಿರುಗಬೇಕು. ದುಡಿದರೆ ನೋವು ಹೆಚ್ಚೀತೆಂಬ ಅಂಜಿಕೆ ಕಡಿಮೆಯಿರಬೇಕು. ಇವುಗಳಲ್ಲಿ ನಾಲ್ಕಿದ್ದರೆ ಗುಣದ ಸಂಭವ ನೂರಕ್ಕೆ 45ರಿಂದ 95ಕ್ಕೆ ಏರುತ್ತದೆಂಬುದು ಅವರ ಲೆಕ್ಕ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಹೊಸ ನೋವು ಎಷ್ಟೋ ವೇಳೆ ತಾನಾಗಿಯೇ ಇಳಿಯುತ್ತದೆ. ಆ 71 ಮಂದಿಗೂ ಇದೇ ಚಿಕಿತ್ಸೆ ನಡೆದಿತ್ತು. ಹೋಲಿಸಿ ನೋಡಲು ಅದನ್ನು ಪಡೆಯದವರು ಇರಲಿಲ್ಲ. ಗುಣವಾಗುವವನನ್ನು ಗುರುತಿಸುವುದು ಒಂದು. ಆ ಕೈಯಿಂದಲೇ ಗುಣವಾಗುವವನನ್ನು ಗುರುತಿಸುವುದು ಇನ್ನೊಂದು. 2004ರಲ್ಲಿ 131 ಮಂದಿಯಲ್ಲಿ ಕೆಲವರಿಗೆ ಬರಿಯ ವ್ಯಾಯಾಮ ಕೊಟ್ಟು ಹೋಲಿಸಿದಾಗ ಸೂತ್ರ ನಿಂತಿತು. 2008ರಲ್ಲಿ ಆಸ್ಟ್ರೇಲಿಯದಲ್ಲಿ, ಹೆಸರಿಗಷ್ಟೇ ಚಿಕಿತ್ಸೆ ಪಡೆದವರೊಡನೆ ಹೋಲಿಸಿದಾಗ ನಿಲ್ಲಲಿಲ್ಲ. ಆದರೆ ಅಲ್ಲಿ ಹೆಚ್ಚಿನವರಿಗೆ ದೊರೆತದ್ದು ಕೀಲನ್ನು ಮೆಲ್ಲನೆ ಆಡಿಸುವ ಕ್ರಮ.

ಸೂತ್ರವನ್ನು ನಾನು ತಳ್ಳಿಹಾಕುವುದಿಲ್ಲ. ಮೈ ಮುಟ್ಟುವ ಮೊದಲು ರೋಗಿಯ ಅಂಜಿಕೆಯನ್ನೂ ವಿಚಾರಿಸಬೇಕೆಂದು ಅದು ಕಲಿಸಿದೆ. ಆದರೆ ಬೆನ್ನು ಒಡ್ಡುವವನಿಗೂ ಒಂದು ಪ್ರಶ್ನೆ ಕೇಳುವ ಹಕ್ಕಿದೆ: ಈ ಕೈ ಸೋಕದೆ ಇದ್ದಿದ್ದರೆ ನನ್ನ ನೋವು ಏನಾಗುತ್ತಿತ್ತು?