ಶೆರಿಫನ ಕುರ್ಚಿ

1455ರ ಜೂನ್ 8ರಂದು ನಾರ್ಫೋಕಿನ ಡಚೆಸ್ ಎಲಿನರ್ ಒಂದು ಓಲೆ ಬರೆಸಿದಳು. ಓಲೆ ಹೋಗಿದ್ದು ಅದೇ ಕೌಂಟಿಯ ಜಮೀನುದಾರ, ಕಾನೂನು ಓದಿದ್ದ ಜಾನ್ ಪಾಸ್ಟನ್‌ಗೆ. ಈ ಸಲದ ಪಾರ್ಲಿಮೆಂಟಿನಲ್ಲಿ ನಮ್ಮ ಯಜಮಾನರಿಗೆ ಸೇರಿದವರು, ಅವರ ಮನೆಯ ಊಳಿಗದವರೇ ಇರಬೇಕಾದ ಅಗತ್ಯ ಕಂಡಿದೆ; ಆದ್ದರಿಂದ ಜಾನ್ ಹೊವಾರ್ಡ್ ಮತ್ತು ಸರ್ ರೋಜರ್ ಚೇಂಬರ್ಲೇನ್ ಅವರಿಗೆ ತಾವು ಮತ ಕೊಡಬೇಕು, ಬೇರೆಯವರಿಗೂ ಹೇಳಬೇಕು ಎನ್ನುವುದು ಒಕ್ಕಣೆಯ ಸಾರ. ಆಜ್ಞೆಯೇ, ಆದರೆ ಹೊದ್ದಿದ್ದು ವಿನಂತಿಯ ಶಾಲು.

ಎರಡು ವಾರದ ಹಿಂದಷ್ಟೇ ಸೇಂಟ್ ಆಲ್ಬನ್ಸ್ ಬೀದಿಗಳಲ್ಲಿ ಯಾರ್ಕ್ ಪಕ್ಷದವರು ಆರನೇ ಹೆನ್ರಿಯ ಕಡೆಯವರನ್ನು ಬಡಿದು, ರಾಜನನ್ನು ತಮ್ಮ ಕೈಗೆ ತೆಗೆದುಕೊಂಡಿದ್ದರು. ಕತ್ತಿಯಿಂದ ಗೆದ್ದದ್ದಕ್ಕೆ ಪಾರ್ಲಿಮೆಂಟಿನ ಮುದ್ರೆ ಬೇಕಿತ್ತು. ಹಾಗಾಗಿ ಸಭೆಯಲ್ಲಿ ಯಾರು ಕೂರುತ್ತಾರೆ ಎನ್ನುವುದು ದೊಡ್ಡ ಮನೆಗಳ ತಲೆನೋವಾಯಿತು.

ನಾರ್ಫೋಕಿನವರು ಮಾತ್ರ ಹೊವಾರ್ಡನ ಹೆಸರಿಗೆ ಮುಖ ಸಿಂಡರಿಸಿದರು. ಅವನು ಡ್ಯೂಕನ ಸೋದರತ್ತೆಯ ಮಗ ನಿಜ. ಆದರೆ ನೆಲೆ ಪಕ್ಕದ ಸಫೋಕಿನಲ್ಲಿ. ನಾರ್ಫೋಕಿನಲ್ಲಿ ಅವನಿಗೆ ಆಸ್ತಿಯೂ ಇಲ್ಲ, ಒಡನಾಟವೂ ಇಲ್ಲ. ಚೇಂಬರ್ಲೇನ್ ಆಗಬಹುದು, ಹೊವಾರ್ಡ್ ಬೇಡ; ಬೇಕಿದ್ದರೆ ಪಾಸ್ಟನ್ ಇರಲಿ ಎಂದು ಕೆಲವರು ಹೇಳಿದರೆಂದು ವಕೀಲ ಜಾನ್ ಜೆನ್ನಿ ಪಾಸ್ಟನ್‌ಗೆ ತಿಳಿಸಿದ. ಪರಸ್ಥಳದವನನ್ನು ಆರಿಸಿದರೆ ಕೌಂಟಿಗೆ ಕೆಟ್ಟ ಮೇಲ್ಪಂಕ್ತಿ, ಅವನಿಗಾಗಿ ಶಿಫಾರಸು ಬರೆದ ಡ್ಯೂಕರಿಗೂ ಮರ್ಯಾದೆಯಲ್ಲ ಎಂದೂ ಸೇರಿಸಿದ. ಈ ಪಿಸುಮಾತು ಕಿವಿಗೆ ಬಿದ್ದಾಗ ಹೊವಾರ್ಡ್ ಕಾಡುಹೋರಿಯಂತೆ ಕೆರಳಿದನೆಂಬ ವರದಿಯೂ ಜೆನ್ನಿಯ ಬರಹದಲ್ಲಿದೆ. ಕೊನೆಗೆ ಆರಿಸಿಬಂದವರು ಹೊವಾರ್ಡ್ ಮತ್ತು ಚೇಂಬರ್ಲೇನ್.

ಇಷ್ಟೆಲ್ಲ ಗೊತ್ತಾಗಿರುವುದು ಪಾಸ್ಟನ್ ಮನೆಯವರು ಕಾಗದ ಎಸೆಯದ ಜನವಾದ್ದರಿಂದ. ಸುಮಾರು ಸಾವಿರದಷ್ಟು ಓಲೆಗಳು, ದಾಖಲೆಗಳು ಉಳಿದುಬಂದಿವೆ. 1787ರಲ್ಲಿ ಜಾನ್ ಫೆನ್ ಎಂಬಾತ ಮೊದಲ ಸಂಪುಟಗಳನ್ನು ಅಚ್ಚು ಹಾಕಿಸಿದ. ಕಾಗದ ಕಾಪಾಡುವ ಚಟಕ್ಕೆ ಕಾರಣವೂ ಇತ್ತು: ಹೊಸದಾಗಿ ಆಸ್ತಿ ಮಾಡಿದವರಿಗೆ ಪತ್ರವೇ ಪ್ರಾಣ.

ಮನೆತನದ ಮೂಲಪುರುಷ ಕ್ಲೆಮೆಂಟ್ ಪಾಸ್ಟನ್ 1419ರಲ್ಲಿ ತೀರಿಕೊಂಡ ಒಬ್ಬ ಬೇಸಾಯಗಾರ. ಜೀನಿಲ್ಲದ ಕುದುರೆಯ ಮೇಲೆ ಧಾನ್ಯದ ಮೂಟೆ ಹಾಕಿಕೊಂಡು ಗಿರಣಿಗೆ ಹೋಗುತ್ತಿದ್ದ, ಸಾಲ ಮಾಡಿ ಮಗನನ್ನು ಓದಿಸಿದ ಎಂದು ಅವನ ಬಗ್ಗೆ ಬರೆದಿಟ್ಟವರು ಆ ಮನೆಯ ಹಗೆಗಳು. ಬೈಯಲು ಬರೆದದ್ದು, ಇವತ್ತು ಹೊಗಳಿಕೆಯಂತೆ ಕಾಣುತ್ತದೆ. ಆ ಮಗ ವಿಲಿಯಂ 1429ರಲ್ಲಿ ರಾಜನ ನ್ಯಾಯಾಧೀಶನಾದ, ಹೊಲದ ಮೇಲೆ ಹೊಲ ಕೊಂಡ. ಹೀಗೆ ಕೊಂಡ ಜಮೀನಿನ ಮೇಲೆ ಹಳೆಯ ಹಕ್ಕುದಾರರು ಹುಟ್ಟಿಕೊಳ್ಳುತ್ತಲೇ ಇದ್ದರು. ಗ್ರೆಶಮ್ ಎಂಬಲ್ಲಿನ ಮನೆಗೆ 1450ರ ಜನವರಿಯಲ್ಲಿ ಲಾರ್ಡ್ ಮಾಲಿನ್ಸನ ಕಡೆಯ ಆಳುಗಳು ನುಗ್ಗಿ, ವಿಲಿಯಮನ ಸೊಸೆ ಮಾರ್ಗರೆಟ್‌ಳನ್ನು ಹೊರಗೆಳೆದು ಹಾಕಿದರು. ಬಂದವರು ಸಾವಿರ ಮಂದಿ ಎಂಬುದು ಅವಳ ಗಂಡ ಜಾನ್ ಕೊಟ್ಟ ಅಹವಾಲಿನ ಲೆಕ್ಕ. ಅದಕ್ಕೂ ಮುಂಚೆ ಗಂಡನಿಗೆ ಬರೆದ ಒಂದು ಓಲೆಯಲ್ಲಿ ಮಾರ್ಗರೆಟ್ ತರಿಸಿದ ಸಾಮಾನಿನ ಪಟ್ಟಿ ಹೀಗಿದೆ: ಯಂತ್ರಬಿಲ್ಲು, ಬಾಣ, ಒಂದು ಪೌಂಡ್ ಬಾದಾಮಿ, ಒಂದು ಪೌಂಡ್ ಸಕ್ಕರೆ.

ಇಂಥ ಕಾಲದಲ್ಲಿ ಪಾರ್ಲಿಮೆಂಟಿನ ಸ್ಥಾನವೆಂದರೆ ಭಾಷಣದ ಕಟ್ಟೆಯಲ್ಲ. ಅಲ್ಲಿಗೆ ಹೋದರೆ ಅಹವಾಲು ಸಲ್ಲಿಸಬಹುದು, ರಾಜನ ಸುತ್ತಲಿನವರ ಕಣ್ಣಿಗೆ ಬೀಳಬಹುದು, ಸಭೆ ನಡೆಯುವಷ್ಟು ದಿನ ಬಂಧನದ ಭಯ ಕಡಿಮೆ. ಕೌಂಟಿಯೊಂದಕ್ಕೆ ಇಬ್ಬರು ಪ್ರತಿನಿಧಿಗಳು. ಅವರಿಗೆ ದಿನಕ್ಕೆ 4 ಷಿಲಿಂಗ್ ಭತ್ಯೆ, ಪಟ್ಟಣಗಳಿಂದ ಬಂದವರಿಗೆ 2. ಮತ ಯಾರದು ಎಂಬುದನ್ನು 1429ರ ಕಾನೂನು ಬಿಗಿಮಾಡಿತ್ತು: ವರ್ಷಕ್ಕೆ 40 ಷಿಲಿಂಗ್ ಹುಟ್ಟುವಳಿಯ ಸ್ವಂತ ಹಿಡುವಳಿ ಇದ್ದು, ಅದೇ ಕೌಂಟಿಯಲ್ಲಿ ವಾಸವಿರುವವರಿಗೆ ಮಾತ್ರ. ಅಂದರೆ ಪ್ರತಿನಿಧಿಯ ಹತ್ತು ದಿನದ ಭತ್ಯೆಯಷ್ಟು ವರಮಾನ. ಏನೂ ಇಲ್ಲದವರು ಗುಂಪುಗೂಡಿ ಬಂದು ದೊಡ್ಡವರಿಗೆ ಸಮನಾಗಿ ಕೂಗುತ್ತಿದ್ದಾರೆ ಎಂಬುದು ಆ ಕಾನೂನಿನ ದೂರು. ಈ 40 ಷಿಲಿಂಗಿನ ಗೆರೆ 1832ರವರೆಗೂ ಅಲ್ಲಾಡಲಿಲ್ಲ. 1445ರಲ್ಲಿ ಇನ್ನೊಂದು ಕಾನೂನು ಬಂದು, ಆರಿಸಿಬರುವವರು ಹುಟ್ಟಿನಿಂದಲೂ ಮೇಲ್ತರದವರಾಗಿರಬೇಕು ಎಂದಿತು. ಅಜ್ಜ ಮೂಟೆ ಹೊತ್ತವನಾದರೆ ಈ ಮಾತು ಚುಚ್ಚದೆ ಇರುತ್ತದೆಯೇ? ಪಾಸ್ಟನ್ನರು ಪ್ರಾಚೀನ ಕುಲೀನರೇ ಹೌದು ಎಂಬ ಪತ್ರವನ್ನು 1466ರಲ್ಲಿ ನಾಲ್ಕನೇ ಎಡ್ವರ್ಡ್ ರಾಜನಿಂದಲೇ ಪಡೆದುಕೊಂಡರು.

ಕಾನೂನು ಏನೇ ಹೇಳಲಿ, ಚುನಾವಣೆ ನಡೆಯುತ್ತಿದ್ದುದು ಕೌಂಟಿ ಕೋರ್ಟಿನಲ್ಲಿ. ಅದನ್ನು ನಡೆಸಿ ಫಲಿತಾಂಶ ಕಳಿಸುವವನು ಶೆರಿಫ್. ಶೆರಿಫ್ ಯಾರ ಕಡೆಯವನೋ ಗೆಲುವು ಹೆಚ್ಚಾಗಿ ಆ ಕಡೆಗೆ. 1461ರಲ್ಲಿ ನಾರ್ಫೋಕ್ ಮತ್ತು ಸಫೋಕಿನ ಶೆರಿಫ್ ಯಾರು? ಅದೇ ಹೊವಾರ್ಡ್, ಈಗ ಸರ್ ಜಾನ್ ಹೊವಾರ್ಡ್.

ಆ ವರ್ಷ ಜಾನ್ ಪಾಸ್ಟನ್ ಮತ್ತು ಜಾನ್ ಬರ್ನಿ ಪರವಾಗಿ ಜನ ಸೇರಿದರು. ಶೆರಿಫನಿಗೆ ಅದು ಒಪ್ಪಿಗೆಯಾಗಲಿಲ್ಲ. ಆಗಸ್ಟಿನಲ್ಲಿ ನಾರಿಚ್ ಪಟ್ಟಣದ ಕೌಂಟಿ ಕಚೇರಿಯಲ್ಲಿ ಜಗಳ ಹತ್ತಿ, ಹೊವಾರ್ಡನ ಆಳೊಬ್ಬ ಪಾಸ್ಟನ್‌ಗೆ ಎರಡು ಸಲ ಬಾಕಿನಿಂದ ತಿವಿದ. ತೊಟ್ಟಿದ್ದ ದಪ್ಪ ಅಂಗಿ ಜೀವ ಉಳಿಸಿತು. ತಿವಿಸಿಕೊಂಡವನದೇ ತಪ್ಪು ಎಂಬಂತೆ ದೂರು ರಾಜನವರೆಗೆ ಹೋಯಿತು. ಕರೆದರೂ ಬರಲಿಲ್ಲವೆಂದು, ಆ ಹೊತ್ತಿಗಾಗಲೇ ಪಟ್ಟದಲ್ಲಿದ್ದ ಎಡ್ವರ್ಡ್ ಕೆಂಡವಾಗಿ, ಇನ್ನೊಮ್ಮೆ ಬಾರದಿದ್ದರೆ ಸಾವೇ ಗತಿ ಎಂದನೆಂದು ತಮ್ಮ ಕ್ಲೆಮೆಂಟ್ ಅಣ್ಣನಿಗೆ ಗಾಬರಿಯಿಂದ ಬರೆದ. ಪಾಸ್ಟನ್ ಲಂಡನ್ನಿನ ಫ್ಲೀಟ್ ಜೈಲು ಸೇರಿದ. ಆದರೆ ಬೇಗನೆ ಹೊರಬಂದ, ಅವನ ಬದಲಿಗೆ ಹೊವಾರ್ಡ್ ಬಂಧನಕ್ಕೆ ಸಿಕ್ಕಿದ. ಪಾರ್ಲಿಮೆಂಟಿನಲ್ಲಿ ಕೂತವನು ಪಾಸ್ಟನ್.

ದೊಡ್ಡವರು ಒಂದಾದರೆ ಮಾತ್ರ ಇಂಥ ಗುದ್ದಾಟಕ್ಕೂ ಎಡೆಯಿರಲಿಲ್ಲ. ಜಾನ್ ಸತ್ತಮೇಲೆ ಕೇಸ್ಟರ್ ಕೋಟೆಯ ವ್ಯಾಜ್ಯ ಮಕ್ಕಳ ತಲೆಗೆ ಬಂತು. ಸರ್ ಜಾನ್ ಫಾಸ್ಟಾಲ್ಫ್ ಎಂಬ ಸಿರಿವಂತ ಯೋಧ 1459ರಲ್ಲಿ ಸಾಯುವಾಗ ಪಾಸ್ಟನ್‌ಗೆ ಬಿಟ್ಟನೆಂದು ಹೇಳಲಾದ ಕೋಟೆ ಅದು. ಉಯಿಲಿನ ಬಗ್ಗೆ ಎಲ್ಲರಿಗೂ ಗುಮಾನಿ. 1469ರಲ್ಲಿ ನಾರ್ಫೋಕಿನ ಡ್ಯೂಕ್ ಸೈನ್ಯ ತಂದು ಮುತ್ತಿಗೆ ಹಾಕಿ ಕಿತ್ತುಕೊಂಡ. ಅದನ್ನು ಮರಳಿ ಕೇಳಬೇಕೆಂದರೆ ಪಾರ್ಲಿಮೆಂಟ್ ಬೇಕು. ಆದರೆ 1472ರಲ್ಲಿ ನಾರ್ಫೋಕ್, ಸಫೋಕ್ ಡ್ಯೂಕರಿಬ್ಬರೂ ಕೂಡಿಕೊಂಡು ಎರಡು ಹೆಸರನ್ನು ಮೊದಲೇ ಗೊತ್ತುಮಾಡಿಬಿಟ್ಟಿದ್ದರು. ಹಿರಿಯ ಮಗ ಎಸೆಕ್ಸಿನ ಮಾಲ್ಡನ್ ಪಟ್ಟಣದ ಕಡೆ ಕಣ್ಣು ಹಾಯಿಸಿದ. ಪಟ್ಟಣದ ಪ್ರತಿನಿಧಿ ಆ ಪಟ್ಟಣದವನೇ ಆಗಿರಬೇಕೆಂಬ 1413ರ ಕಾನೂನನ್ನು ಯಾರೂ ಎತ್ತಿದಂತಿಲ್ಲ. ಅದೂ ತಪ್ಪಿದರೆ ಚಿಂತೆಯಿಲ್ಲ, ಪ್ರತಿನಿಧಿ ಕಳಿಸಬೇಕಾಗಿದ್ದೂ ಕಳಿಸದ ಹನ್ನೆರಡು ಊರುಗಳಾದರೂ ಇಂಗ್ಲೆಂಡಿನಲ್ಲಿವೆ ಎಂದು ತಮ್ಮ ಧೈರ್ಯ ಹೇಳಿದ. ಅವನ ಹೆಸರೂ ಜಾನ್. ಅಪ್ಪ, ಅಣ್ಣ, ತಮ್ಮ ಮೂವರೂ ಜಾನ್. ಇತಿಹಾಸಕಾರರಿಗೆ ಈ ಮನೆ ಕೊಟ್ಟ ಒಂದೇ ಕಷ್ಟ ಇದು.

ಮಾಲ್ಡನ್ ದಕ್ಕಲಿಲ್ಲ. ಕೋಟೆ ಮರಳಿ ಸಿಕ್ಕಿದ್ದು 1476ರಲ್ಲಿ, ಡ್ಯೂಕ್ ಗಂಡುಮಕ್ಕಳಿಲ್ಲದೆ ಸತ್ತಾಗ.

ಅವನ ಪದವಿ ತಿರುಗಿ ತಿರುಗಿ 1483ರಲ್ಲಿ ಹೊವಾರ್ಡನ ಪಾಲಾಯಿತು. ನಾರ್ಫೋಕಿನಲ್ಲಿ ಆಸ್ತಿಯಿಲ್ಲದ ಪರಸ್ಥಳದವನೆಂದು ಜನ ಮೂದಲಿಸಿದ್ದವನು ಈಗ ನಾರ್ಫೋಕಿಗೇ ಡ್ಯೂಕ್. 1485ರ ಆಗಸ್ಟಿನಲ್ಲಿ ಹೆನ್ರಿ ಟ್ಯೂಡರ್ ದಂಡೆತ್ತಿ ಬಂದಾಗ ಅವನು ಕಿರಿಯ ಜಾನ್ ಪಾಸ್ಟನ್‌ಗೆ ಓಲೆ ಬರೆದು, ಎತ್ತರದ ಆಳುಗಳನ್ನು ಕರೆದುಕೊಂಡು ಬರಿ ಪಟ್ಟಣಕ್ಕೆ ಬಾ, ಖರ್ಚು ನನ್ನದು ಎಂದ. ಪಾಸ್ಟನ್ ಹೋದ ಸುಳಿವಿಲ್ಲ. ಬಾಸ್ವರ್ತ್ ಕಾಳಗದಲ್ಲಿ ಆಗಿನ ರಾಜ ಮೂರನೇ ರಿಚರ್ಡ್ ಪರವಾಗಿ ಹೋರಾಡಿ ಹೊವಾರ್ಡ್ ಸತ್ತ. ಕೆಲವೇ ತಿಂಗಳಲ್ಲಿ ಹೊಸ ರಾಜ ನಾರ್ಫೋಕ್ ಮತ್ತು ಸಫೋಕಿಗೆ ಹೊಸ ಶೆರಿಫನನ್ನು ನೇಮಿಸಿದ: ಜಾನ್ ಪಾಸ್ಟನ್.