ಮೂತ್ರದೊಳಗಿನ ನೀರಿನ ಲೆಕ್ಕ

ಡೋಪಿಂಗ್ ಪರೀಕ್ಷೆಗೆ ಮುಂಚೆ ಎರಡು ಚೊಂಬು ನೀರು ಕುಡಿದರೆ ಮದ್ದೆಲ್ಲ ತೊಳೆದುಹೋಗುತ್ತದಂತೆ, ನಿಜವೇ ಸಾರ್ ಎಂದು ಓಟಗಾರ ಹುಡುಗನೊಬ್ಬ ಕೇಳಿದ್ದಾನೆ. ಇಲ್ಲಪ್ಪ. ಬಾರ್ಲಿ ನೀರೂ ತೊಳೆಯದು, ನಿಂಬೆ ಪಾನಕವೂ ತೊಳೆಯದು. ಇಂಥದ್ದನ್ನು ಹೇಳಿಕೊಡುವ ಹಿರಿಯರು ಮಕ್ಕಳಿಗೆ ದ್ರೋಹ ಬಗೆಯುತ್ತಿದ್ದಾರೆ. ನೀರು ಕುಡಿದರೆ ಮೂತ್ರ ತೆಳುವಾಗಿ, ಪ್ರತಿ ಮಿಲಿಲೀಟರಿನಲ್ಲಿ ಸಿಗುವ ಮದ್ದು ಕಡಿಮೆಯಾಗುವುದೇನೋ ಹೌದು. ಆದರೆ ನೀರು ಎಷ್ಟು ಬೆರೆತಿದೆ ಎಂಬುದನ್ನೂ ಅಳೆಯಬಹುದಲ್ಲ!

ಹಳ್ಳಿಯ ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ತುಸು ಹೆಚ್ಚು ಮುಳುಗಿದರೂ ಅಳೆಯುವವರು ತಲೆಯೆತ್ತಿ ಮುಖ ನೋಡುತ್ತಿದ್ದುದು ನನಗಿನ್ನೂ ನೆನಪಿದೆ. ಮೂತ್ರಕ್ಕೂ ಅದೇ ನ್ಯಾಯ. ನೀರಿನ ಸಾಪೇಕ್ಷ ಸಾಂದ್ರತೆ 1.000, ಲವಣ, ಯೂರಿಯಾ ಕರಗಿದಷ್ಟೂ ಮೂತ್ರದ್ದು ಮೇಲೇರುತ್ತದೆ. ಮೈದಾನದಲ್ಲಿ ಅಂಗೈಯಗಲದ ವಕ್ರೀಭವನ ಮಾಪಕದ ಮೇಲೆ ಒಂದೆರಡು ತೊಟ್ಟು ಹಾಕಿದರೆ ಸಾಕು, ಬೆಳಕು ಬಾಗುವ ಪ್ರಮಾಣವೇ ಉತ್ತರ ಹೇಳುತ್ತದೆ. ಮಾದರಿ 150 ಮಿಲಿಲೀಟರಿಗಿಂತ ಕಡಿಮೆಯಿದ್ದು ಸಾಂದ್ರತೆ 1.005 ಮುಟ್ಟದಿದ್ದರೆ ಕಾದು ಕೂತು ಮತ್ತೆ ಕೊಡಬೇಕು. ಬೇಗ ಮುಗಿಯಲೆಂದು ಗಟಗಟ ಕುಡಿದವರೇ ರಾತ್ರಿವರೆಗೆ ಕೂರುವುದು ಇದಕ್ಕೇ.

ಅಮೆರಿಕದಲ್ಲಿ ಲಾರಿ, ಬಸ್ಸು ಚಾಲಕರ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ನನ್ನೂ ನೋಡುತ್ತಾರೆ. ಸ್ನಾಯುಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬೀಳುವ ವಸ್ತು ಅದು. ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಇಳಿದು, ಸಾಂದ್ರತೆಯೂ 1.003ಕ್ಕಿಂತ ಕೆಳಗಿದ್ದರೆ ಮಾದರಿ ತೆಳುವೆಂದು ಬರೆಯುತ್ತಾರೆ. ಸ್ನಾಯು ಕಡಿಮೆಯಿರುವ ಮುದುಕರಲ್ಲಿ, ಸಣ್ಣ ಮೈಕಟ್ಟಿನವರಲ್ಲಿ ಕ್ರಿಯಾಟಿನಿನ್ ಸಹಜವಾಗಿಯೇ ಕಡಿಮೆ, ಅದನ್ನು ಮರೆಯಬಾರದು.

ನನಗೆ ತೀರಾ ಇಷ್ಟವಾದದ್ದು ಇದರ ಇನ್ನೊಂದು ಮಗ್ಗುಲು. ಗಟ್ಟಿ ಮೂತ್ರ ನಿರಪರಾಧಿಯನ್ನೂ ಅಪರಾಧಿಯಂತೆ ತೋರಿಸಬಲ್ಲದು. 2017ರ ಸೆಪ್ಟೆಂಬರ್ 7ರಂದು, ಸ್ಪೇನಿನ ವುಯೆಲ್ಟಾ ಸೈಕಲ್ ಸ್ಪರ್ಧೆಯಲ್ಲಿ ಕ್ರಿಸ್ ಫ್ರೂಮ್ ಅವರ ಮಾದರಿಯಲ್ಲಿ ಆಸ್ತಮಾ ಔಷಧ ಸಾಲ್ಬುಟಮಾಲ್ ಮಿಲಿಲೀಟರಿಗೆ 2,000 ನ್ಯಾನೋಗ್ರಾಂ ಸಿಕ್ಕಿತು. ಮಿತಿ 1,000. ಎರಡು ಪಟ್ಟು ಎಂದು ಪತ್ರಿಕೆಗಳು ಕೂಗಿದವು. ಬಿಸಿಲಲ್ಲಿ ದಿನಗಟ್ಟಲೆ ಪೆಡಲ್ ತುಳಿದ ಮೈಯಲ್ಲಿ ನೀರೆಲ್ಲಿ ಉಳಿದೀತು? 2018ರ ಮಾರ್ಚಿನಿಂದ ಜಾಗತಿಕ ಡೋಪಿಂಗ್ ವಿರೋಧಿ ಸಂಸ್ಥೆ ವಾಡಾ ಸಾಲ್ಬುಟಮಾಲಿಗೂ ಸಾಂದ್ರತೆಯ ಲೆಕ್ಕ ತಂದಿತು. 1.020ನ್ನು ಮಾನದಂಡವಾಗಿ ಹಿಡಿಯಿರಿ. 1.028 ಇರುವ ಮೂತ್ರದಲ್ಲಿ ನೀರಿಗಿಂತ ಹೆಚ್ಚಿನ ಭಾಗ 28, ಮಾನದಂಡದಲ್ಲಿ 20, ಅಂದರೆ 1.4 ಪಟ್ಟು ಗಟ್ಟಿ. 2,000ವನ್ನು 1.4ರಿಂದ ಭಾಗಿಸಿ ನೋಡಿ, ಸುಮಾರು 1,429 ಬರುತ್ತದೆ. ಫ್ರೂಮ್ ಅವರ ತಿದ್ದಿದ ಅಂಕಿಯೆಂದು ಹೊರಬಂದದ್ದೂ ಅದೇ. ಆಗಲೂ ಮಿತಿಗಿಂತ ಮೇಲೇ ಇತ್ತು. ತಜ್ಞರ ಬೇರೆ ವಾದಗಳನ್ನೂ ತೂಗಿ ಸೈಕ್ಲಿಂಗ್ ಒಕ್ಕೂಟ 2018ರ ಜುಲೈ 2ರಂದು ಪ್ರಕರಣ ಮುಚ್ಚಿತು.

ಈ ತಿದ್ದುಪಡಿ ಒಂದೇ ದಿಕ್ಕಿನದು. ಮೂತ್ರ ಗಟ್ಟಿಯಿದ್ದರೆ ಮಿತಿಯನ್ನು ಮೇಲೇರಿಸುತ್ತಾರೆ. ತೆಳುವಿದ್ದರೆ ಮಿತಿಯನ್ನು ಕೆಳಗಿಳಿಸುವುದಿಲ್ಲ. ಆಟಗಾರನ ಮೇಲೆ ಆರೋಪ ಹೊರಿಸುವ ವಿಷಯದಲ್ಲಿ ಇಷ್ಟು ಎಚ್ಚರ ಇರಲೇಬೇಕು. ತೆಳು ಮಾದರಿ ತಂದವನಿಗೆ ಪರೀಕ್ಷಕರು ಹೇಳುವುದು ಒಂದೇ: ಇನ್ನೂ ಸ್ವಲ್ಪ ಹೊತ್ತು ಕೂರಪ್ಪ, ನೀರು ಸಾಕು.